ಮೂರನೇ ಘಂಟೆ

ಜನವರಿ ೧೧

ನನ್ನ ಪ್ರೀತಿಯ ತಂಗಿ, ಸೂಜಿಗಳ ಸಾಮ್ರಾಜ್ಞಿಯೇ!

ಕೇಳು! ಈ ಪತ್ರದ ಜೊತೆ ಬಂದಿರುವ ದೊಡ್ಡ ಪೊಟ್ಟಣವನ್ನು ಕತ್ತರಿ ಹಾಕಿ ಬಿಚ್ಚಬೇಡ, ಕೈಯಿಂದಲೇ ಬಿಚ್ಚು. ಒಳಗಿರುವುದು ರಾಜನ ನಿಲುವಂಗಿ. ನಲವತ್ತು ವರ್ಷ ನನ್ನ ಬೆವರು ಕುಡಿದ ಕೆಂಪು ಮಖಮಲ್ಲು! ಬಲಭುಜದಿಂದ ಮೊಣಕೈವರೆಗೆ ಹರಿದಿದೆ. ಸಿಂಹಾಸನದ ಮೊಳೆಗೆ ಸಿಕ್ಕಿತು. ಈ ಊರಿನ ದರ್ಜಿಗೆ ತೋರಿಸಿದೆ. "ಯಜಮಾನ್ರೇ, ಇದರಲ್ಲಿ ದಿಂಬಿನ ಚೀಲ ಮಾಡಿಕೊಡ್ಲಾ?" ಅಂದ. ಇಂಥವನ ಕೈಗೆ ಕೊಡಲೇ? ಹರಿದದ್ದು ಎಲ್ಲಿ ಅಂತ ದೇವರೂ ಹುಡುಕಬೇಕು, ಹಾಗೆ ಹೊಲಿಯುವವಳು ಭೂಮಿಯ ಮೇಲೆ ಒಬ್ಬಳೇ.

ಸಂಗತಿ ಏನೆಂದರೆ, ನಮ್ಮ ಹಳೆಯ ನಾಟಕ ಕಂಪನಿಯಲ್ಲಿ ಹಲ್ಲು ಉಳಿದವರು, ಹಲ್ಲು ಹೋದವರು ಎಲ್ಲ ಸೇರಿ ಜೂನ್ ೨೮ಕ್ಕೆ ಕೊನೆಯದಾಗಿ ಒಂದು ಆಟ ಆಡುತ್ತಿದ್ದೇವೆ. ರಾಜ ಯಾರು? ನಾನೇ! ಬೇರೆ ಯಾರಿಗಿದೆ ಈ ಕಂಠ? ತಾಲೀಮು ಭರದಿಂದ ಸಾಗಿದೆ. ಮೆಟ್ಟಿಲು ಹತ್ತುವಾಗ ಸ್ವಲ್ಪ ಕಾಲು ನೋವು, ಅಷ್ಟೇ.

ಫೋನ್ ಮಾಡುತ್ತಿಲ್ಲ. ಹೋದ ಸಲ ಮಾಡಿದಾಗ ನನ್ನ ದನಿ ಕೇಳಿ, ನಿನ್ನ ಕೆಳಗಿನ ಅಂಗಡಿಯವನು ಯಾರೋ ಹೊಡೆದಾಡುತ್ತಿದ್ದಾರೆ ಅಂತ ಕೋಲು ಹಿಡಿದು ಓಡಿಬಂದನಲ್ಲ! ಪತ್ರವೇ ಸರಿ. ಅಪ್ಪ ಕಲಿಸಿದ್ದೂ ಅದನ್ನೇ.

ಇತಿ,
ನಿನ್ನ ಗುಡುಗು ಅಣ್ಣ


ಜನವರಿ ೨೪

ಅಣ್ಣ,

ನಿಲುವಂಗಿ ಬಂತು. ಕೈಯಿಂದಲೇ ಬಿಚ್ಚಿದೆ. ತುಂಬಾ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಆಮೇಲೆ ಮಡಿಸಿ, ಇದೇ ಅಂಚೆಯಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಕೋಪ ಮಾಡಿಕೊಳ್ಳಬೇಡ.

ಹೊಸ ಕೆಲಸ ಯಾರದ್ದೂ ಒಪ್ಪಿಕೊಳ್ಳುತ್ತಿಲ್ಲ. ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಕಾರಣ ಹೇಳಿದರೆ ನೀನು ನಗುತ್ತೀಯ, ಆದರೂ ನಿನಗೆ ಹೇಳದೆ ಯಾರಿಗೆ ಹೇಳಲಿ?

ಏಪ್ರಿಲ್ ಹದಿನೇಳಕ್ಕೆ ಕರ್ತನು ಬರುತ್ತಾನೆ, ಅಣ್ಣ. ಮಧ್ಯಾಹ್ನ ಮೂರು ಗಂಟೆಗೆ.

ಬೀದಿಯಲ್ಲಿ ಪಟ ಹಿಡಿದು ಕೂಗುವವರ ಮಾತು ಕೇಳಿ ಹೇಳುತ್ತಿಲ್ಲ. ಇದನ್ನು ಬರೆದಿಟ್ಟವರು ಅಪ್ಪ. ಕ್ರಿಸ್‌ಮಸ್ ಮುಗಿದ ವಾರ ಅಪ್ಪನ ವೇದಪುಸ್ತಕ ತೆಗೆದು ಓದುತ್ತಿದ್ದೆ. ತಾನು ತಿರುಗಿ ಬರುವ ಸಂಗತಿಯನ್ನು ಕರ್ತನು ಶಿಷ್ಯರಿಗೆ ಹೇಳುವ ಆ ಪುಟ. ಅಂಚಿನಲ್ಲಿ ಸೀಸದ ಕಡ್ಡಿಯಲ್ಲಿ ನಾಲ್ಕು ಸಾಲು. ಅಪ್ಪನ ಕೈಬರಹ. ನಲವತ್ತು ವರ್ಷ ಅದು ಅಲ್ಲಿ ಕಾದು ಕೂತಿತ್ತು, ನಾನು ನೋಡಿರಲಿಲ್ಲ.

ಪಾದ್ರಿಯವರಿಗೆ ಹೇಳಿದೆ. ಅವರು ನಗಲಿಲ್ಲ, ಒಪ್ಪಲೂ ಇಲ್ಲ. "ಅಮ್ಮಾ, ಆ ದಿನ ಯಾರಿಗೂ ಗೊತ್ತಿಲ್ಲ ಅಂತ ಅದೇ ಪುಟದಲ್ಲೇ ಇದೆಯಲ್ಲ" ಅಂದರು. "ಯಾರಿಗೂ ಗೊತ್ತಿಲ್ಲ ಸ್ವಾಮಿ, ಆದರೆ ನಮ್ಮಪ್ಪ ಅಚ್ಚಿನ ತಪ್ಪು ತಿದ್ದುವವರು. ಗೊತ್ತಿಲ್ಲದ್ದನ್ನ ಬರೆಯೋರಲ್ಲ" ಅಂದೆ.

ಕನ್ನಡಕ ಸರಿಹೋಗುತ್ತಿಲ್ಲ. ಅಕ್ಷರ ಕೆಟ್ಟಿದ್ದರೆ ಕ್ಷಮಿಸು.

ನಿನ್ನ ತಂಗಿ


ಫೆಬ್ರವರಿ ೩

ಎಲೈ ಸೂಜಿ!

ರಾಜನ ವಸ್ತ್ರವನ್ನು ಹರಿದ ಹಾಗೆಯೇ ಹಿಂದಕ್ಕೆ ಕಳಿಸಿದೆಯಾ? ಶತ್ರುಗಳೂ ಹೀಗೆ ಮಾಡಿಲ್ಲ! ಅದಿರಲಿ. ನಿನ್ನ ಪತ್ರ ಬಿಚ್ಚಿದವನು ಬೆಚ್ಚಿಬಿದ್ದೆ. ಇಷ್ಟು ದಪ್ಪ ಅಕ್ಷರ ಯಾವಾಗ ಕಲಿತೆ? ಒಂದು ಹಾಳೆಗೆ ಏಳೆಂಟು ಸಾಲು! ಅಪ್ಪ ಇದ್ದಿದ್ದರೆ "ಕಾಗದ ಏನು ಪುಕ್ಕಟೆ ಬರುತ್ತಾ?" ಅನ್ನುತ್ತಿದ್ದರು. ಜೀವಮಾನವಿಡೀ ಪಿಸುಗುಟ್ಟಿದವಳು ಕಾಗದದ ಮೇಲೆ ಕೂಗಲು ಶುರು ಮಾಡಿದ್ದೀಯ. ಕೂಗು, ಕೂಗು! ರಕ್ತದಲ್ಲೇ ಇದೆ.

ಇನ್ನು ಏಪ್ರಿಲ್ ಹದಿನೇಳು. ತಂಗೀ, ನಾನು ನಿನ್ನಷ್ಟು ಆಲಯಕ್ಕೆ ಹೋಗುವವನಲ್ಲ, ಒಪ್ಪಿದೆ. ಆದರೆ ದೇವರು ಬರುವ ವೇಳೆಯನ್ನು ಅಂಚಿನಲ್ಲಿ ಬರೆದಿಡುವುದಕ್ಕೆ ಅದೇನು ಬಸ್ಸಿನ ವೇಳಾಪಟ್ಟಿಯೇ?

ಒಂದು ಕೆಲಸ ಮಾಡು. ಆ ನಾಲ್ಕು ಸಾಲನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿ ಕಳಿಸು. ಅಕ್ಷರಕ್ಕೆ ಅಕ್ಷರ. ಸುಮ್ಮನೆ ಕೇಳುತ್ತಿದ್ದೇನೆ, ಬೇರೆ ಕಾರಣ ಇಲ್ಲ.

ಗುಡುಗು


ಫೆಬ್ರವರಿ ೧೫

ಅಣ್ಣ,

ನೀನು ಕೇಳಿದ್ದು ಇಗೋ:

ಮೂರನೇ ಗಂಟೆ. ದೀಪ ಆರುತ್ತದೆ. ಎಲ್ಲರೂ ಮೌನ. ಬಲಗಡೆಯಿಂದ ರಾಜ ಬರುತ್ತಾನೆ. ೧೭–೪. ೪೦.

ಅಷ್ಟೇ. ಓದುವಾಗ ನಿನಗೂ ಮೈ ಜುಮ್ಮೆನ್ನಲಿಲ್ಲವೇ? ಸೂರ್ಯ ಚಂದ್ರರ ಬೆಳಕು ಆರುತ್ತದೆ, ಆಮೇಲೆ ರಾಜ ಬರುತ್ತಾನೆ, ಬಲಗಡೆ ನಿಂತವರು ಅವನವರು. ಅಪ್ಪ ಎಲ್ಲವನ್ನೂ ನಾಲ್ಕು ಸಾಲಿಗೆ ಇಳಿಸಿದ್ದಾರೆ. ಆ ನಲವತ್ತು ಏನು ಅಂತ ಮೂರು ದಿನ ಯೋಚಿಸಿದೆ. ಅಪ್ಪ ಹೋಗಿ ಈ ವರ್ಷಕ್ಕೆ ನಲವತ್ತು, ಅಣ್ಣ.

ನಮ್ಮ ಹತ್ತಿರ ಅಪ್ಪನದು ಅಂತ ಏನಿದೆ ಹೇಳು? ಬೇರೆಯವರ ಪುಸ್ತಕ ತಿದ್ದಿ ತಿದ್ದಿ ಸತ್ತರು. ತಮ್ಮದು ಅಂತ ಒಂದು ಸಾಲು ಬರೆದವರಲ್ಲ. ಇದೊಂದೇ. ರಾತ್ರಿ ಮಲಗುವ ಮುಂಚೆ ಆ ಸಾಲಿನ ಮೇಲೆ ಬೆರಳಿಟ್ಟು ಪ್ರಾರ್ಥನೆ ಮಾಡುತ್ತೇನೆ.

ಇನ್ನೊಂದು ಸಂಗತಿ, ದೊಡ್ಡದೇನಲ್ಲ. ಕಣ್ಣಿನ ಡಾಕ್ಟರಮ್ಮ ಎರಡೂ ಕಣ್ಣಿಗೆ ಆಪರೇಷನ್ ಆಗಬೇಕು, ಮಾರ್ಚ್ ಮುಗಿಯುವುದರೊಳಗೆ ಬನ್ನಿ ಅನ್ನುತ್ತಿದ್ದಾರೆ. ಹದಿನೇಳರ ನಂತರ ನೋಡೋಣ ಅಂದೆ. ಹೊಸ ದೇಹವೇ ಸಿಗುವಾಗ ಹಳೆಯದಕ್ಕೆ ತೇಪೆ ಹಾಕಿಸುವುದು ಯಾಕೆ? ತೇಪೆ ಹಾಕುವವಳೇ ಹೀಗೆ ಹೇಳುತ್ತಿದ್ದಾಳೆ ಅಂತ ನಗು ಬೇಕಾದರೆ.

ನಿನ್ನ ತಂಗಿ


ಫೆಬ್ರವರಿ ೨೭

ತಂಗಿ,

ನಿನ್ನ ನಕಲು ನೋಡಿ ಎದೆಯ ಮೇಲಿದ್ದ ಬಂಡೆ ಇಳಿಯಿತು! ಯಾವ ಬಂಡೆ ಎಂದು ಕೇಳಬೇಡ. ನನಗೆ ಒಂದು ಅನುಮಾನ ಇತ್ತು, ಅದು ಸುಳ್ಳಾಯಿತು. ಒಂದೇ ಒಂದು ಅಕ್ಷರದಿಂದ ಸುಳ್ಳಾಯಿತು. ಅಪ್ಪ ಯಾವಾಗಲೂ 'ಗಂಟೆ' ಅಂತಲೇ ಬರೆಯುತ್ತಿದ್ದರು, ಹೌದಲ್ಲ? ನೀನು ಬರೆದದ್ದೂ 'ಗಂಟೆ'. ಬಹಳ ಒಳ್ಳೆಯದು. ಹಾಗಾದರೆ ಅದು ಅಪ್ಪನದೇ. ಇಟ್ಟುಕೋ. ಬೆರಳಿಟ್ಟು ಪ್ರಾರ್ಥನೆ ಮಾಡು. ದೇವರು ಬಂದರೆ ನನ್ನ ಹೆಸರನ್ನೂ ಒಂದು ಮಾತು ಹೇಳು. ಬರದಿದ್ದರೆ ಏಪ್ರಿಲ್ ಹದಿನೆಂಟಕ್ಕೆ ಇಬ್ಬರೂ ನಗೋಣ, ನಷ್ಟವೇನು?

ಕಣ್ಣಿಗೆ ಹೆದರಬೇಡ. ನನಗೂ ಪೊರೆ ತೆಗೆದರು, ಸೊಳ್ಳೆ ಕಚ್ಚಿದಷ್ಟೂ ನೋವಿಲ್ಲ. ಪೊರೆ ಎಲ್ಲಿಗೂ ಓಡಿಹೋಗುವುದಿಲ್ಲ, ಮೇ ತಿಂಗಳಲ್ಲಿ ಮಾಡಿಸಿದರಾಯಿತು.

ಇಲ್ಲಿ ಮಂತ್ರಿಯ ಪಾತ್ರದವನಿಗೆ ಕಿವಿ ಕೇಳುವುದಿಲ್ಲ. ನಾನು "ಯುದ್ಧ!" ಅಂದರೆ ಅವನು "ಯಾವಾಗ ಎದ್ದೆ?" ಅನ್ನುತ್ತಾನೆ. ಈ ನಾಟಕ ನೋಡಲು ನೀನು ಬರಲೇಬೇಕು.

ಗುಡುಗು


ಮಾರ್ಚ್ ೨೨

ಅಣ್ಣ,

ಸಾಲಿನ ಮೇಲೆ ಸಾಲು ಬಿದ್ದಿದ್ದರೆ ನಿಧಾನವಾಗಿ ಓದು. ಸ್ಕೇಲು ಇಟ್ಟುಕೊಂಡು ಬರೆಯುತ್ತಿದ್ದೇನೆ, ಆದರೂ ಜಾರುತ್ತದೆ.

ಡಾಕ್ಟರಮ್ಮ ಇವತ್ತು ನನ್ನ ಮೇಲೆ ರೇಗಿದರು. "ಇದು ಬರೀ ಪೊರೆ ಅಲ್ಲಮ್ಮ, ಕಣ್ಣಿನ ಒಳಗಿನ ಒತ್ತಡ. ಪೊರೆ ಆದರೆ ಯಾವತ್ತಾದರೂ ತೆಗೆಯಬಹುದು. ಇದರಲ್ಲಿ ಹೋದ ದೃಷ್ಟಿ ವಾಪಸ್ ಬರಲ್ಲ. ಬಲಗಣ್ಣಿಗೆ ಇನ್ನು ಎರಡು ವಾರ ಟೈಮಿದೆ, ಹೆಚ್ಚಿಲ್ಲ" ಅಂದರು. ನಾನು ಸರಿ ಅಂದೆ, ಬಂದೆ.

ನನಗೆ ಭಯ ಇಲ್ಲ ಅಂತ ಹೇಳುವುದಿಲ್ಲ. ಸುಮಾರು ಒಂದು ವರ್ಷದಿಂದ ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತಿದೆ. ಪಕ್ಕದಲ್ಲಿ ನಿಂತವರು ಮಾತಾಡಿದ ಮೇಲೇ ಗೊತ್ತಾಗುವುದು. ಸೂಜಿಯ ಕಣ್ಣು ನನ್ನನ್ನು ಬಿಟ್ಟು ಬಹಳ ದಿನವಾಯಿತು. ಬಾಗಿಲಿಗೆ ಚೀಟಿ ಅಂಟಿಸಿದ್ದು ಪೂರ್ತಿ ಭಕ್ತಿಯಿಂದಲ್ಲ, ನಿನ್ನ ಹತ್ತಿರ ಸುಳ್ಳು ಯಾಕೆ? ನಿನ್ನ ನಿಲುವಂಗಿಗೆ ಹೊಂದುವ ಕೆಂಪು ನೂಲು ಆರಿಸಲು ಕೂತಾಗ ಕೆಂಪಿಗೂ ಕಂದಿಗೂ ವ್ಯತ್ಯಾಸ ತಿಳಿಯಲಿಲ್ಲ. ಆ ಸಂಜೆಯೇ ಮಡಿಸಿ ಕಳಿಸಿದ್ದು.

ಆದರೆ ನೋಡು, ಕತ್ತಲಾಗುತ್ತಾ ಬಂದ ಹೊತ್ತಿಗೆ ಸರಿಯಾಗಿ ಅಪ್ಪ ದಾರಿ ತೋರಿಸಿದರು. ನಂಬಿದ ಮೇಲೆ ಅರ್ಧ ನಂಬಬಾರದು. ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ ಇಟ್ಟರೆ ನೀರಿಗೇ ಬೀಳುವುದು. ಆಪರೇಷನ್‌ಗೆ ದಿನ ಗೊತ್ತು ಮಾಡಿದರೆ ಅಪ್ಪನ ಮಾತಿನ ಮೇಲೆ ಅನುಮಾನ ಪಟ್ಟ ಹಾಗಲ್ಲವೇ?

ನನ್ನ ಫೋನನ್ನು ಎದುರು ಮನೆಯ ಅಜ್ಜಿಗೆ ಕೊಟ್ಟೆ. ಅವರಿಗೆ ಮೊಮ್ಮಗಳ ಹತ್ತಿರ ಮಾತಾಡಲು ಬೇಕಿತ್ತು. ನನಗಿನ್ನು ಯಾಕೆ?

ನೀನು ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಪ್ಪನ ಛಾಪಖಾನೆಗೆ ಕರೆದುಕೊಂಡು ಹೋಗುತ್ತಿದ್ದೆಯಲ್ಲ, ಅದು ನೆನಪಾಗುತ್ತಿದೆ.

ನಿನ್ನ ತಂಗಿ


ಏಪ್ರಿಲ್ ೫

ತಂಗಿ,

ಈ ಪತ್ರ ತಲುಪಿದ ಕ್ಷಣವೇ ಆಸ್ಪತ್ರೆಗೆ ಹೋಗು. ಮುಂದಿನ ಸಾಲು ಓದುವುದಕ್ಕೂ ನಿಲ್ಲಬೇಡ. ಹೋಗು.

ಹೋಗದೆ ಓದುತ್ತಿದ್ದೀಯ, ನನಗೆ ಗೊತ್ತು. ಸರಿ, ಓದು.

ನಿನ್ನ ಪತ್ರ ಬಂದು ಒಂದು ವಾರವಾಯಿತು. ಭೂತಗನ್ನಡಿ ಹಿಡಿದು ಓದಿದೆ. ನಿನ್ನ ದಪ್ಪ ಅಕ್ಷರ ನೋಡಿ ಕೂಗುತ್ತಿದ್ದೀಯ ಎಂದು ತಮಾಷೆ ಮಾಡಿದ ಮೂರ್ಖ ನಾನು! ಫೋನ್ ಮಾಡಿದೆ, ಎದುರು ಮನೆಯ ಅಜ್ಜಿ ಎತ್ತಿದರು. "ಅವಳು ಬಾಗಿಲು ತೆಗೀತಿಲ್ಲಪ್ಪ, ಉಪವಾಸ ಪ್ರಾರ್ಥನೆಯಂತೆ" ಅಂದರು. ಹೊರಟು ಬರೋಣವೆಂದರೆ ನನ್ನ ಕಾಲು ಪ್ಲಾಸ್ಟರಿನಲ್ಲಿದೆ. ಕಾಲು ನೋವು ಅಂದಿದ್ದೆನಲ್ಲ? ಜನವರಿಯಲ್ಲಿ ಸಿಂಹಾಸನದ ಮೆಟ್ಟಿಲಿಂದ ಉರುಳಿ ಎರಡು ಕಡೆ ಮೂಳೆ ಮುರಿದಿದೆ. ನಿಲುವಂಗಿ ಹರಿದದ್ದೂ ಆಗಲೇ. ತಾಲೀಮೆಲ್ಲ ಮಂಚದ ಮೇಲೆ ಕೂತೇ.

ಈಗ ಕೇಳು. ಈ ಮಾತನ್ನು ಮೂರು ಸಲ ಬರೆದು ಮೂರು ಸಲ ಹರಿದೆ. ಒಂದೊಂದು ಹಾಳೆಯಲ್ಲೂ ನಾಟಕದ ರಾಜನ ಹಾಗೆ ಗೋಳಾಡಿದ್ದೆ. ಈ ಸಲ ಸರಳವಾಗಿ ಬರೆಯುತ್ತೇನೆ.

ಆ ನಾಲ್ಕು ಸಾಲು ಅಪ್ಪ ಬರೆದದ್ದಲ್ಲ. ನಾನು ಬರೆದದ್ದು.

ನಾನು ಕಂಪನಿ ಸೇರಿದ ಮೇಲೆ ಅಪ್ಪ ಮಾತು ಬಿಟ್ಟಿದ್ದು ನಿನಗೆ ಗೊತ್ತು. ಅಪ್ಪ ಹೋದ ವರ್ಷದ ಏಪ್ರಿಲ್ ಹದಿನೇಳು, ಕಂಪನಿಯ ರಾಜನ ನಾಟಕದ ನಲವತ್ತನೇ ಆಟ. ರಾಜನ ಪಾತ್ರದವನಿಗೆ ಜ್ವರ. ನನಗೆ ಹತ್ತೊಂಬತ್ತು ವರ್ಷ. "ಇವತ್ತು ನೀನೇ ರಾಜ" ಅಂದರು. ರಾಜ ಕೈಯಲ್ಲಿ ದಪ್ಪ ಧರ್ಮಗ್ರಂಥ ಹಿಡಿದು ಬರಬೇಕು. ಕಂಪನಿಯ ಗ್ರಂಥವೆಂದರೆ ಬಣ್ಣ ಬಳಿದ ಹಲಗೆ, ನನಗೆ ಅದು ಸಾಲದು, ನಿಜವಾದದ್ದೇ ಬೇಕು! ಅಪ್ಪ ಇಲ್ಲದ ಹೊತ್ತಿಗೆ ಮನೆಗೆ ಬಂದು ಕಪಾಟಿನಿಂದ ಅಪ್ಪನ ವೇದಪುಸ್ತಕ ಎತ್ತಿಕೊಂಡು ಹೋದೆ. ಪಕ್ಕದ ಪರದೆಯ ಹಿಂದೆ ನಿಂತೆ. ಯಾವಾಗ ಒಳಗೆ ಹೋಗಬೇಕೆಂದು ಮರೆತರೆ ಎಂದು, ಕತ್ತಲಲ್ಲಿ ಕೈಗೆ ಸಿಕ್ಕ ಪುಟದ ಅಂಚಿನಲ್ಲಿ ಗೀಚಿಕೊಂಡೆ. ಮೂರನೇ ಘಂಟೆ ಬಾರಿಸುತ್ತಾರೆ. ಸಭೆಯ ದೀಪ ಆರುತ್ತದೆ. ಎಲ್ಲರೂ ಮೌನ. ಬಲಗಡೆಯಿಂದ ರಾಜ ಬರುತ್ತಾನೆ. ಆ ರಾಜ ನಾನು, ತಂಗಿ. ಮುಖಕ್ಕೆ ಬಣ್ಣ ಬಳಿದುಕೊಂಡ ನಾನು. ಪುಟ ಯಾವುದೆಂದು ನೋಡಲಿಲ್ಲ. ಆ ಪುಟವೇ ಆಗಬೇಕೇ!

ಒಂದು ವಾರದ ನಂತರ ಕಳ್ಳನ ಹಾಗೆ ವಾಪಸ್ ಇಟ್ಟೆ. ಆಗಸ್ಟಿನಲ್ಲಿ ಅಪ್ಪ ಹೋದರು. ನಮ್ಮಿಬ್ಬರ ನಡುವೆ ಮಾತು ಮತ್ತೆ ಹುಟ್ಟಲಿಲ್ಲ.

ನಮ್ಮ ಮೂವರ ಕೈಬರಹವೂ ಒಂದೇ. ಕೋಲು ಹಿಡಿದು ತಿದ್ದಿಸಿದ್ದು ಅಪ್ಪನೇ ಅಲ್ಲವೇ? ಒಂದು ಅಕ್ಷರ ಬಿಟ್ಟು. ನಾನು ಯಾವಾಗಲೂ 'ಘಂಟೆ' ಎಂದೇ ಬರೆಯುತ್ತಿದ್ದೆ. "ಗಂಟೆಗೆ ನಿನ್ನ ಉಸಿರು ಬೇಡ ಕಣೋ, ಅದು ತಾನಾಗೇ ಬಡ್ಕೊಳ್ಳುತ್ತೆ" ಎಂದು ಅಪ್ಪ ರೇಗುತ್ತಿದ್ದರು. ನಿನ್ನ ಮೊದಲ ಪತ್ರ ಓದಿದಾಗಲೇ ನನಗೆ ಅನುಮಾನ. ಅದಕ್ಕೇ ನಕಲು ಕೇಳಿದ್ದು. ನೀನು 'ಗಂಟೆ' ಎಂದು ಬರೆದು ಕಳಿಸಿದಾಗ, ಆಹಾ, ಇದು ನನ್ನದಲ್ಲ ಎಂದುಕೊಂಡೆ. ಅಂದುಕೊಳ್ಳಲು ಇಷ್ಟವಾಯಿತು, ಅಂದುಕೊಂಡೆ. ಹದಿನೇಳು, ನಲವತ್ತು, ಬಲಗಡೆ, ರಾಜ, ಇಷ್ಟೆಲ್ಲ ಹೊಂದಿದರೂ ಒಂದು ಅಕ್ಷರದ ಹಿಂದೆ ಅಡಗಿಕೊಂಡೆ. ಈ ಎದೆಯ ಗಾತ್ರ ನೋಡಿದರೆ ಆ ಅಕ್ಷರದ ಹಿಂದೆ ಜಾಗ ಸಾಲದು, ಆದರೂ ಅಡಗಿದೆ.

ಮಸುಕು ಕಣ್ಣಲ್ಲಿ ನೀನು ಸರಿಯಾಗಿ ನೋಡಿಲ್ಲ, ಅಷ್ಟೇ. ಅದು ನನ್ನದೇ.

ಅಪ್ಪನ ಒಂದೇ ಒಂದು ಸಾಲನ್ನೂ ನಿನ್ನಿಂದ ಕಿತ್ತುಕೊಳ್ಳುತ್ತಿದ್ದೇನೆ. ಕ್ಷಮೆ ಆಮೇಲೆ. ಮೊದಲು ಆಸ್ಪತ್ರೆ.

ಅಣ್ಣ


ಏಪ್ರಿಲ್ ೨೦

ಅಣ್ಣ,

ಬರೆಯುತ್ತಿರುವ ಕೈ ಪಾದ್ರಿಯವರದು, ಮಾತು ನನ್ನದು. ಒಂದು ಮಾತನ್ನೂ ಮೃದು ಮಾಡಬಾರದು ಅಂತ ಅವರಿಗೆ ಆಣೆ ಹಾಕಿಸಿದ್ದೇನೆ. "ಆಣೆ ಇಡಬಾರದಮ್ಮ, ಹೌದು ಅಂದರೆ ಹೌದು" ಅಂದರು. ಸರಿ, ಹೌದು ಅನ್ನಿಸಿದ್ದೇನೆ.

ನಿನ್ನ ಪತ್ರ ಏಪ್ರಿಲ್ ಹನ್ನೆರಡಕ್ಕೇ ಬಂದಿತ್ತು. ಬಿಚ್ಚಿದೆ. ಓದಲು ಆಗಲಿಲ್ಲ. ಕಾಗದದ ಮೇಲೆ ಇರುವೆ ಹರಿದ ಹಾಗೆ ಏನೋ ಕಾಣುತ್ತಿತ್ತು, ಅಷ್ಟೇ. ಯಾರ ಹತ್ತಿರವೂ ಓದಿಸಲಿಲ್ಲ. ಇನ್ನು ಐದು ದಿನ, ಆಮೇಲೆ ಎಲ್ಲ ಸ್ಪಷ್ಟವಾಗಿ ಕಾಣುತ್ತದಲ್ಲ ಅಂದುಕೊಂಡು ದಿಂಬಿನ ಕೆಳಗೆ ಇಟ್ಟೆ.

ಹದಿನೇಳರ ಬೆಳಿಗ್ಗೆ ಸ್ನಾನ ಮಾಡಿ ಬಿಳಿ ಬಟ್ಟೆ ಉಟ್ಟುಕೊಂಡೆ. ಕೋಣೆ ಗುಡಿಸಿದೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತೆ. ಎರಡೂಮುಕ್ಕಾಲಿಗೆ ಬಾಗಿಲು ಬಡಿದರು. ಕುರ್ಚಿಯಿಂದ ಎದ್ದು ಬಾಗಿಲು ತೆಗೆದೆ. ಪಾದ್ರಿಯವರು!

"ಏನು ಸ್ವಾಮಿ, ನೀವೂ ನಂಬಿದ್ರಾ?" ಅಂದೆ.

"ಇಲ್ಲಮ್ಮ. ಆದರೆ ನೀವೊಬ್ಬರೇ ಕಾಯ್ತಾ ಕೂತಿರೋದು ನನಗೆ ಸರಿ ಅನ್ನಿಸಲಿಲ್ಲ. ಅವನು ಬಂದರೆ ಇಬ್ಬರೂ ಒಟ್ಟಿಗೆ ನೋಡೋಣ. ಬರದಿದ್ದರೆ ಟೀ ಕುಡಿಯೋಣ."

ಇಬ್ಬರೂ ಕೂತೆವು. ಗಡಿಯಾರ ಮೂರು ಬಾರಿಸಿತು. ಎದುರು ಶಾಲೆಯ ಮಕ್ಕಳು ಗಲಾಟೆ ಮಾಡಿಕೊಂಡು ಹೊರಗೆ ಬಂದರು. ಯಾರದೋ ಸೈಕಲ್ ಬಿತ್ತು. ಮೂರೂಕಾಲಾಯಿತು. ಮೂರೂವರೆಯಾಯಿತು. ನಾಲ್ಕಕ್ಕೆ ನಾನೇ ಎದ್ದು ಗೋಡೆ ಹಿಡಿದುಕೊಂಡು ಹೋಗಿ ಟೀಗೆ ನೀರಿಟ್ಟೆ. ಕಪ್ಪಿಗೆ ಬಗ್ಗಿಸುವಾಗ ಬಲಗೈಯ ಮೇಲೆ ಸುರಿದುಕೊಂಡೆ. ಆಗ ಗೊತ್ತಾಯಿತು, ಬಲಗಣ್ಣಿಗೆ ಏನೂ ಕಾಣುತ್ತಿಲ್ಲ. ಯಾವಾಗ ಹೋಯಿತೋ, ಕಾಯುವ ಗಡಿಬಿಡಿಯಲ್ಲಿ ನೋಡಿಕೊಂಡೇ ಇಲ್ಲ.

ಬಲಗಡೆಯಿಂದ ರಾಜ ಬರುತ್ತಾನೆ ಅಂತ ಕಾದು ಕೂತವಳಿಗೆ ಬಲಗಡೆಯೇ ಕತ್ತಲಾಯಿತು, ಅಣ್ಣ.

ಆಮೇಲೆ ದಿಂಬಿನ ಕೆಳಗಿನ ಪತ್ರ ತೆಗೆದು ಅವರ ಕೈಗೆ ಕೊಟ್ಟೆ. ಅವರದು ಗುಬ್ಬಚ್ಚಿ ದನಿ. ನಿನ್ನ ಗುಡುಗನ್ನೆಲ್ಲ ಪಿಸುಮಾತಲ್ಲಿ ಓದಿದರು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ನೀನು ಫೆಬ್ರವರಿಯಲ್ಲೇ ಹೇಳಬಹುದಿತ್ತು.

ಇದೊಂದು ಸಾಲನ್ನು ಬರೆಯಲೇ, ಬೇಡವೇ ಅಂತ ಪಾದ್ರಿಯವರು ಎರಡು ಸಲ ಕೇಳಿದರು. ಬರೆಯಿರಿ ಅಂದೆ. ನಾನು ಮೂರ್ಖಳು, ಡಾಕ್ಟರಮ್ಮನ ಮಾತು ಕೇಳದ್ದು ನನ್ನ ತಪ್ಪು, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ. ಆದರೆ ನೀನು ಫೆಬ್ರವರಿಯಲ್ಲೇ ಹೇಳಬಹುದಿತ್ತು.

ನಾಳೆ ಎಡಗಣ್ಣಿಗೆ ಆಪರೇಷನ್. ಉಳಿದರೆ ಅದು. ಸದ್ಯ ಪತ್ರ ಬರೆಯಬೇಡ, ನನಗೆ ಓದಲು ಆಗುವುದಿಲ್ಲ. ಬೇರೆಯವರ ಬಾಯಲ್ಲಿ ನಿನ್ನ ಮಾತು ಕೇಳಲು ಇಷ್ಟವಿಲ್ಲ.

ತಂಗಿ


ಏಪ್ರಿಲ್ ೨೯

ಸೂಜಿ,

ಬರೆಯಬೇಡ ಅಂದಿದ್ದೀಯ. ಇದು ಪತ್ರವಲ್ಲ. ನನ್ನ ಬಳಿ ಇವತ್ತು ಮಾತೇ ಇಲ್ಲ, ಅದನ್ನು ತಿಳಿಸುತ್ತಿದ್ದೇನೆ.

ಅಣ್ಣ


ಮೇ ೧೯

ತಂಗಿ,

ಪಾದ್ರಿಯವರಿಗೆ ನಮಸ್ಕಾರ. ಇದನ್ನು ಓದಿ ಹೇಳುವುದು ಬೇಡ, ಅವಳು ತಾನೇ ಓದುವ ದಿನದವರೆಗೆ ಮೇಜಿನ ಮೇಲೆ ಇಟ್ಟಿರಿ.

ಪ್ಲಾಸ್ಟರ್ ಬಿಚ್ಚಿದರು. ಕಾಲು ಕೊಕ್ಕರೆಯ ಕಾಲಿನ ಹಾಗಿದೆ. ರಾಜನ ಪಾತ್ರ ಬೇರೆ ಯಾರಿಗಾದರೂ ಕೊಡಿ ಎಂದು ಹೇಳಿಬಿಟ್ಟೆ. "ಏನು ರೋಗ ನಿನಗೆ?" ಎಂದ ಕಿವುಡ ಮಂತ್ರಿ. "ಮಾತು ಬೇಕಾದಾಗ ಬಾಯಿ ಮುಚ್ಚಿಕೊಂಡವನು ರಾಜನಾಗಬಾರದು" ಎಂದೆ. ಅವನಿಗೆ ಏನು ಕೇಳಿಸಿತೋ, ಹೋಗಿ ನೀರು ತಂದುಕೊಟ್ಟ.

ನಿನ್ನೆ ಭಾನುವಾರ ಆಲಯಕ್ಕೆ ಹೋಗಿದ್ದೆ. ಹಿಂದಿನ ಬೆಂಚು. ಯಾಕೆ ಹೋದೆ ಎಂದು ಕೇಳಬೇಡ. ಅಪ್ಪನ ಪುಸ್ತಕ ಕದ್ದವನು ಅಪ್ಪನ ದೇವರ ಮುಂದೆ ಬಾಯಿ ಬಿಡಲಾರದೆ ನಲವತ್ತು ವರ್ಷ ಬೇರೆಲ್ಲ ಕಡೆ ಕೂಗಾಡಿದ್ದಾನೆ, ಅಷ್ಟೇ. ಆ ಸಾಲನ್ನು ನೋಡಿದ್ದರೆ ಅಪ್ಪ ಏನೆನ್ನುತ್ತಿದ್ದರು ಎಂಬ ಒಂದೇ ಯೋಚನೆ.

ನಿಲುವಂಗಿ ಮೊಳೆಗೆ ನೇತುಹಾಕಿದ್ದೇನೆ. ಹರಿದ ಕಡೆಯಿಂದ ಗೋಡೆ ಕಾಣುತ್ತದೆ.

ಅಣ್ಣ


ಜೂನ್ ೯

ಅಣ್ಣ,

ನನ್ನದೇ ಕೈ. ನೋಡು, ಒಂದು ಹಾಳೆಗೆ ಹದಿನಾರು ಸಾಲು. ಅಪ್ಪನ ಲೆಕ್ಕಕ್ಕೆ ಬರುವುದಿಲ್ಲ, ಆದರೂ ಪರವಾಗಿಲ್ಲ.

ಎಡಗಣ್ಣು ಉಳಿಯಿತು. ಕೊಳವೆ ಇದ್ದ ಹಾಗೇ ಇದೆ, ಅದು ಅಗಲವಾಗುವುದಿಲ್ಲ. ಆದರೆ ಪೊರೆ ತೆಗೆದದ್ದರಿಂದ ಆ ಕೊಳವೆಯೊಳಗೆ ಕಾಣುವುದು ಕನ್ನಡಿಯಂತೆ ಸ್ವಚ್ಛ. ಬಲಗಣ್ಣು ಇಲ್ಲ.

ಎರಡು ವಾರ ನಾನು ಪ್ರಾರ್ಥನೆ ಮಾಡಲಿಲ್ಲ. ಪಾದ್ರಿಯವರು ಬಂದರೆ ಹವಾಮಾನದ ಬಗ್ಗೆ ಮಾತಾಡಿ ಕಳಿಸುತ್ತಿದ್ದೆ. ಒಂದು ದಿನ ತಡೆಯಲಾರದೆ ಕೇಳಿದೆ. "ಸ್ವಾಮಿ, ಕಾದದ್ದೇ ತಪ್ಪಾ?"

"ಕಾದದ್ದು ತಪ್ಪಲ್ಲಮ್ಮ. ನಾನೂ ಕಾಯ್ತಾನೇ ಇದ್ದೀನಿ. ಆದರೆ ಯಜಮಾನ ಬರೋ ಹೊತ್ತು ಗೊತ್ತಾದರೆ ಆಳು ಆ ಹೊತ್ತನ್ನ ಕಾಯ್ತಾನೆ. ಗೊತ್ತಿಲ್ಲದಿದ್ದರೆ ಯಜಮಾನನನ್ನ ಕಾಯ್ತಾನೆ" ಅಂದರು.

ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ನಿನ್ನೆ ಬೆಳಿಗ್ಗೆ ಕಿಟಕಿಯ ಬಿಸಿಲಿಗೆ ಅಪ್ಪನ ಪುಸ್ತಕ ಹಿಡಿದುಕೊಂಡು ಕೂತೆ. ನಿನ್ನ ಕಳ್ಳ ಸಾಲನ್ನು ರಬ್ಬರಿನಿಂದ ಅಳಿಸಿಬಿಡೋಣ ಅಂತ. ನಿಜ ಹೇಳುತ್ತಿದ್ದೇನೆ, ರಬ್ಬರು ಕೈಯಲ್ಲೇ ಇತ್ತು.

ಅಣ್ಣ, ಈಗ ಎದ್ದು ನಿಂತಿದ್ದರೆ ಮತ್ತೆ ಕೂತುಕೋ.

ನೀನು ಬರೆದದ್ದು 'ಘಂಟೆ'ಯೇ. ನಾನು ನಕಲು ಮಾಡಿದ್ದು 'ಗಂಟೆ'ಯೇ. ಇಬ್ಬರೂ ಸರಿ. ನಿನ್ನ 'ಘ'ದ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಎಳೆದಿದೆ. ಅದರ ತಲೆಯ ಮೇಲೆ ಕಪ್ಪು ಸೀಸದ ಕಡ್ಡಿಯಲ್ಲಿ ಪುಟ್ಟದಾಗಿ 'ಗ'. ಪೊರೆಯ ಕಣ್ಣಿಗೆ ಕೆಂಪು ಕಾಣುತ್ತಿರಲಿಲ್ಲ, ಆ ಪುಟ್ಟ 'ಗ' ಮಾತ್ರ ಮಸುಕಾಗಿ ಕಂಡಿತ್ತು.

ಕೆಂಪು ಸೀಸದ ಕಡ್ಡಿ ಯಾರದು ಅಂತ ನಿನಗೆ ನಾನು ಹೇಳಬೇಕೇ?

ಅಪ್ಪ ನೋಡಿದ್ದರು, ಅಣ್ಣ. ಏಪ್ರಿಲಿಗೂ ಆಗಸ್ಟಿಗೂ ನಡುವೆ ಯಾವುದೋ ದಿನ ಆ ಪುಟ ತೆರೆದಿದ್ದಾರೆ. ಮಗ ತನ್ನ ಪುಸ್ತಕ ಕದ್ದು ನಾಟಕಕ್ಕೆ ಒಯ್ದಿದ್ದಾನೆ ಅಂತ ಆ ಕ್ಷಣವೇ ತಿಳಿದಿರುತ್ತದೆ. ಪುಟ ಹರಿಯಲಿಲ್ಲ. ಸಾಲು ಅಳಿಸಲಿಲ್ಲ. ಉಸಿರು ಹೆಚ್ಚಾಗಿದ್ದ ಒಂದು ಅಕ್ಷರ ತಿದ್ದಿದರು. ತಿದ್ದಿ, ಸಾಲಿನ ಕೊನೆಯಲ್ಲಿ ಕೆಂಪಿನಲ್ಲಿ ತಮ್ಮ ಗುರುತು ಹಾಕಿದ್ದಾರೆ. ನೆನಪಿದೆಯಾ, ಛಾಪಖಾನೆಯಲ್ಲಿ ಪುಟ ಪೂರ್ತಿ ನೋಡಿಯಾದ ಮೇಲೆ ಮೂಲೆಯಲ್ಲಿ ಹಾಕುತ್ತಿದ್ದ ಆ ಕೊಕ್ಕೆ? ತಪ್ಪು ತಿದ್ದಿದೆ, ಇದು ಅಚ್ಚಿಗೆ ಹೋಗಬಹುದು ಅಂತ.

ಅಪ್ಪನದು ಅಂತ ಒಂದು ಸಾಲೂ ಉಳಿಯಲಿಲ್ಲ ಅಂತ ಅತ್ತಿದ್ದೆನಲ್ಲ. ಒಂದು ಅಕ್ಷರ, ಒಂದು ಕೊಕ್ಕೆ ಉಳಿದಿದೆ. ಅದೂ ನಿನಗೆ ಬರೆದದ್ದು, ನನಗಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ.

ನನ್ನ ಕೋಪ ಅಳಿಸಿಹೋಯಿತು ಅನ್ನಲಾರೆ. ಫೆಬ್ರವರಿಯ ಮಾತು ಹಾಗೇ ಇದೆ. ಆದರೆ ಅಳಿಸುವುದೊಂದೇ ದಾರಿಯಲ್ಲ ಅಂತ ಈಗ ಗೊತ್ತಾಗಿದೆ. ತಿದ್ದಿ ಪಕ್ಕದಲ್ಲಿ ಕೊಕ್ಕೆ ಹಾಕಬಹುದು. ಹಾಕಿದ್ದೇನೆ.

ಇನ್ನೊಂದು ಮಾತು. ನೀನು ರಂಗದ ಮೇಲೆ ಬೆಳೆದವನು, ನಿನಗೆ ಇದು ಹೊಳೆಯದೆ ಹೋಯಿತಲ್ಲ! ಮೂರನೇ ಘಂಟೆ ಹೊಡೆದರೆ ಏನು ಅರ್ಥ? ನಾಟಕ ಮುಗಿಯಿತು ಅಂತಲೇ? ಅಲ್ಲವಲ್ಲ, ಶುರು ಅಂತ. ನಾನು ಕೊನೆ, ಕೊನೆ ಅಂತ ಕೂತಿದ್ದೆ. ಬಾಗಿಲು ಮುಚ್ಚಿ, ಫೋನು ಕೊಟ್ಟು, ಕಣ್ಣು ಬಿಟ್ಟುಕೊಟ್ಟು. ಎರಡನೇ ಘಂಟೆಗೂ ಮೂರನೇ ಘಂಟೆಗೂ ನಡುವೆ ಪರದೆಯ ಹಿಂದೆ ನೀವೆಲ್ಲ ಏನು ಮಾಡುತ್ತೀರಿ? ಒಬ್ಬ ಮೀಸೆ ಅಂಟಿಸುತ್ತಾನೆ, ಒಬ್ಬ ಗುಂಡಿ ಹಾಕುತ್ತಾನೆ, ಒಬ್ಬ ಮಾತು ನೆನಪು ಮಾಡಿಕೊಳ್ಳುತ್ತಾನೆ. ಘಂಟೆ ಹೊಡೆಯುವವನ ಮುಖ ನೋಡುತ್ತಾ ಯಾರೂ ಕೂರುವುದಿಲ್ಲ. ಅವನು ಹೊಡೆದೇ ಹೊಡೆಯುತ್ತಾನೆ ಅಂತ ನಂಬಿಕೆ ಇರುವುದರಿಂದಲೇ ತಾನೇ ಗುಂಡಿ ಹಾಕುತ್ತಾ ಕೂರಬಲ್ಲಿರಿ? ರಾಜ ಬರುತ್ತಾನೆ, ಅಣ್ಣ. ನಾನು ಈಗಲೂ ನಂಬಿದ್ದೇನೆ, ಮೊದಲಿಗಿಂತ ಹೆಚ್ಚು. ತಾರೀಖು ಮಾತ್ರ ಬಿಟ್ಟುಕೊಟ್ಟಿದ್ದೇನೆ.

ಬಾಗಿಲಿನ ಚೀಟಿ ಕಿತ್ತುಹಾಕಿದೆ. ಎದುರು ಮನೆಯ ಅಜ್ಜಿ ಬಂದು ದಿನಕ್ಕೆ ಹತ್ತು ಸೂಜಿಗೆ ನೂಲು ಪೋಣಿಸಿ ಕೊಟ್ಟು ಹೋಗುತ್ತಾರೆ, ಜೊತೆಗೆ ಹತ್ತು ಮನೆಯ ಸುದ್ದಿ.

ನಿಲುವಂಗಿ ಕಳಿಸು. ರಾಜನ ಪಾತ್ರ ವಾಪಸ್ ಕೇಳು. ನೀನು ಕೇಳದಿದ್ದರೆ ನಾನೇ ಆ ಕಿವುಡ ಮಂತ್ರಿಗೆ ಪತ್ರ ಬರೆಯುತ್ತೇನೆ.

ನಿನ್ನ ತಂಗಿ


ಜೂನ್ ೧೩

ತಂಗೀ! ತಂಗೀ! ತಂಗೀ!

ಪೊಟ್ಟಣ ಕಳಿಸಿದ್ದೇನೆ. ಪಾತ್ರ ಕೇಳಿದೆ, ಕೊಟ್ಟರು. ಬೇರೆ ಯಾರೂ ಒಪ್ಪಿರಲಿಲ್ಲವಂತೆ!

ಹೆಚ್ಚು ಬರೆಯಲಾರೆ. ಆ ಕೊಕ್ಕೆಯ ಸಾಲು ಓದಿ ಗಟ್ಟಿಯಾಗಿ ಅತ್ತೆ. ಕೆಳಗಿನ ಮನೆಯವರು ಮೇಲೆ ಬಂದು "ತಾಲೀಮಾ?" ಎಂದು ಕೇಳಿದರು. ಹೌದು ಎಂದೆ.

ನನ್ನ ಅಪ್ಪ ನನ್ನ ಸಾಲನ್ನು ಓದಿದ್ದರು!

ಗುಡುಗು


ಜೂನ್ ೨೨
(ನಿಲುವಂಗಿಯ ಒಳಗೆ ಪಿನ್ನಿನಿಂದ ಸಿಕ್ಕಿಸಿದ್ದು)

ಅಣ್ಣ,

ಹೊಲಿಗೆ ಕಾಣುತ್ತದೆ. ಮೊದಲಿನ ಹಾಗೆ ಕಾಣದಂತೆ ಹೊಲಿಯಲು ನನಗೆ ಇನ್ನು ಆಗುವುದಿಲ್ಲ. ಬಿಚ್ಚಿ ಮತ್ತೆ ಹಾಕಿದೆ, ಮತ್ತೆ ಕಂಡಿತು. ಮೂರನೇ ಸಲ ಬಿಟ್ಟೆ. ಕಾಣಲಿ. ನೂಲು ಬೇಕೆಂದೇ ಕೆಂಪು ಹಾಕಿದ್ದೇನೆ. ತೋಳಿನ ತುದಿಯಲ್ಲಿ ಒಂದು ಕೊಕ್ಕೆಯೂ ಇದೆ, ನೋಡಿಕೋ.

ಪಾದ್ರಿಯವರು ರೈಲಿನ ಟಿಕೆಟ್ ತೆಗೆದುಕೊಟ್ಟಿದ್ದಾರೆ. ೨೭ಕ್ಕೆ ಸಂಜೆ ಬರುತ್ತೇನೆ. ನನ್ನನ್ನು ಎಡಗಡೆ ಕೂರಿಸು, ರಂಗದ ಬಲಗಡೆ ನೋಡುವವರಿಗೆ ಎಡಗಡೆ ತಾನೇ, ಬಲಗಡೆಯಿಂದ ನೀನು ಬರುವಾಗ ನನ್ನ ಕಣ್ಣಿಗೆ ಸರಿಯಾಗಿ ಬೀಳಬೇಕು. ತಡವಾಗಿ ಬಂದರೆ ನನಗೆ ಚಿಂತೆಯಿಲ್ಲ, ಕಾದು ನನಗೆ ಅಭ್ಯಾಸವಿದೆ.

ಘಂಟೆಯನ್ನು ನಿನಗೆ ಬೇಕಾದಷ್ಟು ಉಸಿರು ಹಾಕಿ ಬಾರಿಸಲು ಹೇಳು.

ಸೂಜಿ